ಲೈನು ಹೋದದ್ದು ಬೇಗ ತಿಳಿದರೆ ಸಾಕೇನ್ರಿ?

ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 25 ಕಿ.ಮೀ. ಮಳೆಗಾಲದಲ್ಲಿ ನನಗೆ ಇಷ್ಟೇ ದೂರ ಸಾಕು, ನಿದ್ದೆ ಕೆಡಿಸಲು! ಪೀರನವಾಡಿ, ಮಚ್ಛೆ ದಾಟಿ ಹೋಗುವ ಹೆದ್ದಾರಿ ಪಕ್ಕ ಜೆಸಿಬಿ ಬಂತೆಂದರೆ ಫೈಬರಿಗೆ ಕುತ್ತು. ಅದಕ್ಕೇ ನಮ್ಮ ಖಾನಾಪುರದ ಶಾಖೆಗೆ ಫೈಬರ್ ಜೊತೆ ಒಂದು ರೇಡಿಯೋ ಲಿಂಕೂ ಇದೆ.

ಫೈಬರ್ ನೇರ ರೂಟರಿಗೇ ಬಂದಿದ್ದರೆ ತುಂಡಾದ ಕೂಡಲೇ ಬೆಳಕು ನಿಂತು ಪೋರ್ಟ್ ಡೌನ್ ಆಗುತ್ತದೆ. ನಡುವೆ ಮೀಡಿಯಾ ಕನ್ವರ್ಟರೋ ಸ್ವಿಚ್ಚೋ ಇದ್ದರೆ ಆಚೆ ಲೈನ್ ಸತ್ತರೂ ಈಚೆ ಹಸಿರು ದೀಪ ಉರಿಯುತ್ತಲೇ ಇರಬಹುದು. ಓಎಸ್‌ಪಿಎಫ್ ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ ಹಲೋ ಅನ್ನುತ್ತದೆ, 40 ಸೆಕೆಂಡ್ ಉತ್ತರವಿಲ್ಲದಿದ್ದರೆ ಮಾತ್ರ ಲಿಂಕ್ ಹೋಯಿತು ಅನ್ನುತ್ತದೆ. ಕೌಂಟರಿನ ಮುಂದೆ ನಿಂತವರಿಗೆ ಅದು ಬಹಳ ಹೊತ್ತು.

ಇದಕ್ಕೆ ಮದ್ದು ಬಿಎಫ್‌ಡಿ. 2010ರಲ್ಲಿ ಆರ್‌ಎಫ್‌ಸಿ 5880 ಆಗಿ ಬಂದದ್ದು. ರಾತ್ರಿ ಗದ್ದೆ ಕಾಯುವವರು ಆಗಾಗ ಕೂಗು ಹಾಕಿ ಒಬ್ಬರನ್ನೊಬ್ಬರು ವಿಚಾರಿಸಿಕೊಂಡಂತೆ ಎರಡೂ ರೂಟರುಗಳು ಪುಟ್ಟ ಪ್ಯಾಕೆಟ್ ಕಳಿಸುತ್ತಿರುತ್ತವೆ. 50 ಮಿಲಿಸೆಕೆಂಡಿಗೊಂದು, ಮೂರು ತಪ್ಪಿದರೆ ಲೈನ್ ಹೋಯಿತೆಂದು ಲೆಕ್ಕ. ಅಂದರೆ 150 ಮಿಲಿಸೆಕೆಂಡಿನಲ್ಲೇ ಸುದ್ದಿ!

ನಾನೂ ಹುಮ್ಮಸ್ಸಿನಲ್ಲಿ ಎರಡೂ ಲಿಂಕಿಗೆ ಇದನ್ನೇ ಹಾಕಿಬಿಟ್ಟೆ. ತಪ್ಪು ನನ್ನದೇ. ಫೈಬರ್ ತುಂಡಾದ ದಿನ ಜೋರು ಮಳೆ. ರೇಡಿಯೋ ಕ್ಷಣ ಹೊತ್ತು ತೊದಲಿದರೂ ಬಿಎಫ್‌ಡಿ ಅದನ್ನು ಸತ್ತಿತೆಂದು ಸಾರಿತು. ಮತ್ತೆ ಬಂತು, ಮತ್ತೆ ಹೋಯಿತು. ಇದ್ದೊಂದು ದಾರಿಯನ್ನೂ ನಾನೇ ಮುಚ್ಚಿದ ಹಾಗಾಯಿತು.

ಈಗ ಫೈಬರಿಗೆ 300 ಮಿಲಿಸೆಕೆಂಡ್, ಮೂರು ಸಲ. ರೇಡಿಯೋಗೆ 1 ಸೆಕೆಂಡ್, ಐದು ಸಲ. ಸಣ್ಣ ರೂಟರುಗಳಲ್ಲಿ ಬಿಎಫ್‌ಡಿ ಕೆಲಸವನ್ನೂ ಸಿಪಿಯು ಮಾಡುವುದರಿಂದ, ಅದು ಬೇರೆ ಕೆಲಸದಲ್ಲಿ ಮುಳುಗಿದ್ದರೂ ಸುಳ್ಳು ಸಾವಿನ ಸುದ್ದಿ ಹುಟ್ಟುತ್ತದೆ. ಅತಿ ಅವಸರ ಅಲ್ಲಿಗೂ ಸಲ್ಲ.

ನನ್ನ ತಕರಾರು ಇಷ್ಟೇ: ನಾವು ಮಿಲಿಸೆಕೆಂಡ್ ಎಣಿಸುತ್ತೇವೆ, ದಾರಿ ಎಣಿಸುವುದಿಲ್ಲ. ಎರಡು ಕಂಪನಿಗಳ ಫೈಬರ್ ತಗೊಂಡು ನಿಶ್ಚಿಂತೆಯಿಂದಿರುತ್ತೇವೆ. ಎರಡೂ ಒಂದೇ ಹೆದ್ದಾರಿ ಪಕ್ಕದ ಮಣ್ಣಿನಲ್ಲಿದ್ದರೆ? ಒಂದೇ ಜೆಸಿಬಿ ಏಟಿಗೆ ಎರಡೂ ಖತಂ. ಬಿಎಫ್‌ಡಿ ಎರಡು ಸಾವನ್ನೂ ಚುರುಕಾಗಿ ತಿಳಿಸುತ್ತದೆ, ಅಷ್ಟೆ. ಲೈನ್ ಕೊಳ್ಳುವ ಮೊದಲೇ ಅದು ಹೋಗುವ ದಾರಿಯ ನಕ್ಷೆ ಕೇಳಿ. ಇನ್ನೊಂದು ಅಳ್ನಾವರ, ಧಾರವಾಡದ ಕಡೆಯಿಂದ ಸುತ್ತಿ ಬಂದರೂ ಚಿಂತೆಯಿಲ್ಲ.

ಓಡಲು ಬೇರೆ ದಾರಿ ಇದ್ದರೆ ತಾನೆ ಬೇಗ ಎಚ್ಚರವಾದದ್ದಕ್ಕೆ ಬೆಲೆ? ನೀವೇನಂತೀರಿ?