ಮೊದಲ ಪಂದ್ಯಗಳೂ ಹಕ್ಕಲುಗಾಯಿಯೂ

೨೦೨೪ನೆಯ ಇಸವಿಯ ಅಕ್ಟೋಬರ್ ಮಾಸದಲ್ಲಿ ನಾವು ಚಳ್ಳಕೆರೆಯ ಸೀಮೆಗೆ ಹೋಗಿ, ಉಳ್ಳಾರ್ತಿ ಕಾವಲಿನ ಅಂಚಿನಲ್ಲಿರುವ ಪರಿಚಿತರೊಬ್ಬರ ಮನೆಯಲ್ಲಿ ಎರಡು ದಿನ ಇದ್ದೆವು. ಹಿಂದೆ ಅಮೃತಮಹಲ್ ದನಗಳ ಮೇವಿಗೆಂದು ಮೀಸಲಾಗಿದ್ದ ಅಲ್ಲಿಯ ಕಾವಲುಗಳಲ್ಲಿ ಸಾವಿರಾರು ಎಕರೆ ಈಗ ವಿಜ್ಞಾನಸಂಸ್ಥೆಗಳ ಬೇಲಿಯೊಳಗೆ ಸೇರಿರುವುದು. ಬೇಲಿಯ ಈಚೆಯ ಹೊಲಗಳಲ್ಲಿ ಆಗ ಶೇಂಗಾ ಕೀಳುವ ಕಾಲ. ಮನೆಯ ಅಜ್ಜಿಯೂ ಸೊಸೆಯೂ ಅಂಗಳದಲ್ಲಿ ಕುಳಿತು ಗಿಡದಿಂದ ಕಾಯಿ ಬಿಡಿಸುತ್ತಿದ್ದರು. ಮೊಮ್ಮಗನ ಕೈ ಗಿಡದ ಮೇಲಿದ್ದರೂ ಕಣ್ಣು ಮಾತ್ರ ಫೋನಿನ ಮೇಲಿದ್ದಿತು. ಬೆಂಗಳೂರಿನ ಬಳಿಯ ಆಲೂರಿನಲ್ಲಿ ಕರ್ನಾಟಕದ ತಂಡವು ಕೇರಳದೊಡನೆ ರಣಜಿ ಪಂದ್ಯವನ್ನಾಡುತ್ತಿದ್ದಿತು.

“ಏನಪ್ಪಾ, ನಿಮ್ಮೋರು ಗೆದ್ದರೇನು?” ಎಂದು ಅಜ್ಜಿ ಕೇಳಿದಳು.

“ಇಲ್ಲಜ್ಜಿ, ಅಲ್ಲಿ ಮಳೆ. ಆಟವೇ ಸಾಗಲಿಲ್ಲ.”

“ಮಳೆ ಬಂತೂಂತ ಅಳೋರನ್ನ ಇವತ್ತೇ ಕಂಡೆ ನೋಡು!”

ನಾವೆಲ್ಲರೂ ನಕ್ಕೆವು. ರಾಜ್ಯದಲ್ಲಿಯೇ ಅತ್ಯಲ್ಪ ಮಳೆ ಬೀಳುವ ಸೀಮೆಗಳಲ್ಲೊಂದಾದ ಅಲ್ಲಿ ಆ ಮಾತು ಸಹಜವಾದುದೇ. ಆದರೆ ಹುಡುಗನ ಸಂಕಟವೂ ಸುಳ್ಳಲ್ಲ. ಅದರ ಕಾರಣವನ್ನು ಆಟವರಿಯದ ನಮ್ಮ ಸೋದರಿಯರಿಗೂ ತಿಳಿಯುವಂತೆ ಹೇಳುವೆವು.

ಈ ಸ್ಪರ್ಧೆಯ ಮೊದಲ ಹಂತದಲ್ಲಿ ಒಂದೊಂದು ಪಂದ್ಯಕ್ಕೂ ನಾಲ್ಕು ದಿನಗಳ ಅವಧಿ. ಪೂರ್ಣವಾಗಿ ಗೆದ್ದವರಿಗೆ ೬ ಅಂಕ. ಒಂದು ಇನಿಂಗ್ಸಿನಿಂದಲೋ ಹತ್ತು ವಿಕೆಟ್ಟುಗಳಿಂದಲೋ ಗೆದ್ದರೆ ೭. ಸೋಲು ಗೆಲುವುಗಳಿಲ್ಲದೆ ಮುಗಿದರೆ ಮೊದಲ ಇನಿಂಗ್ಸಿನಲ್ಲಿ ಮುಂದಿದ್ದವರಿಗೆ ೩, ಹಿಂದಿದ್ದವರಿಗೆ ೧. ಮೊದಲ ಇನಿಂಗ್ಸುಗಳೇ ಮುಗಿಯದಿದ್ದರೆ ಇಬ್ಬರಿಗೂ ಒಂದೊಂದು. ಆ ವರ್ಷ ಗುಂಪಿನಲ್ಲಿ ಎಂಟು ತಂಡಗಳಿದ್ದು, ಒಂದೊಂದು ತಂಡಕ್ಕೆ ಏಳು ಪಂದ್ಯಗಳು; ಮೊದಲ ಎರಡು ಸ್ಥಾನದವರಿಗೆ ಮಾತ್ರ ಮುಂದಿನ ದಾರಿ. ಏಳರಲ್ಲಿ ಐದು ಪಂದ್ಯಗಳು ನವೆಂಬರಿನೊಳಗೇ ಮುಗಿದು, ಮಿಕ್ಕೆರಡು ಜನವರಿಯಲ್ಲಿ ಆರಂಭವಾಗತಕ್ಕವು. ಆದುದರಿಂದ ಋತುವಿನ ಆದಿಯೆಂದು ನಾವು ಹಗುರವಾಗಿ ಕರೆಯುವುದು ನಿಜವಾಗಿ ಅದರ ಬಹುಪಾಲು.

ಇಂದೂರಿನಲ್ಲಿ ಮಧ್ಯಪ್ರದೇಶದೊಡನೆ ನಡೆದ ಮೊದಲ ಪಂದ್ಯವನ್ನು ಮಳೆ ಕೆಡಿಸಿದ್ದಿತು. ಆಲೂರಿನದನ್ನೂ ಮಳೆಯೇ ನುಂಗಿತು. ಎರಡು ಪಂದ್ಯಗಳಿಂದ ಕೈಗೆ ಬಂದುದು ಎರಡೇ ಅಂಕ. ಅನಂತರ ನಮ್ಮವರು ಬಿಹಾರವನ್ನು ಗೆದ್ದರು; ಜನವರಿಯಲ್ಲಿ ಪಂಜಾಬನ್ನು ಇನಿಂಗ್ಸಿನಿಂದಲೇ ಸೋಲಿಸಿದರು. ಆದರೂ ಗುಂಪಿನಿಂದ ಮುಂದೆ ಹೋದುವು ಹರಿಯಾಣ ಮತ್ತು ಕೇರಳ. ಅದೇ ಮಳೆಯಲ್ಲಿ ನಮ್ಮಂತೆಯೇ ತೊಯ್ದ ಕೇರಳವು ಮೊತ್ತಮೊದಲ ಬಾರಿಗೆ ಅಂತಿಮ ಪಂದ್ಯದವರೆಗೂ ಹೋಯಿತು! ಆದುದರಿಂದ ಮಳೆಯನ್ನೇ ದೂರಿ ಸಮಾಧಾನಪಡುವುದು ನ್ಯಾಯವಲ್ಲ. ಸಿಕ್ಕಿದಷ್ಟು ಬಿಸಿಲಿನಲ್ಲಿ ಯಾರು ಎಷ್ಟು ಕೂಡಿಟ್ಟರೆಂಬುದೇ ಲೆಕ್ಕ.

ಹಾಗಾದರೆ ಕೆಟ್ಟ ಆರಂಭವು ಎಲ್ಲವನ್ನೂ ಕೆಡಿಸಿಬಿಡುವುದೆ? ಅದೂ ಅಲ್ಲ. ೧೯೩೪ನೆಯ ನವೆಂಬರ್ ೪ರಂದು ಮದರಾಸಿನ ಚೆಪಾಕಿನಲ್ಲಿ ರಣಜಿ ಸ್ಪರ್ಧೆಯ ಪ್ರಪ್ರಥಮ ಪಂದ್ಯವು ಮದರಾಸಿಗೂ ನಮ್ಮ ಮೈಸೂರಿಗೂ ನಡೆಯಿತು. ಮೈಸೂರಿನವರು ಗಳಿಸಿದುದು ಮೊದಲು ೪೮, ಆಮೇಲೆ ೫೯. ಮದರಾಸಿನವರ ಒಂದೇ ಇನಿಂಗ್ಸಿನ ೧೩೦ ರನ್ನುಗಳೇ ಸಾಕಾದುವು. ರಾಮ್ ಸಿಂಗರೊಬ್ಬರೇ ಹನ್ನೊಂದು ವಿಕೆಟ್ಟುಗಳನ್ನು ಕಿತ್ತರು. ಬೆಳಗ್ಗೆ ಆರಂಭವಾದ ಆಟವು ಅದೇ ದಿನ ಮುಗಿದುಹೋಯಿತು. ಇದಕ್ಕಿಂತ ಹೀನವಾದ ಆರಂಭವುಂಟೆ? ಆದರೆ ಅದೇ ತಂಡವು ೧೯೭೩–೭೪ರಲ್ಲಿ, ನಾಡಿಗೆ ಕರ್ನಾಟಕವೆಂಬ ಹೆಸರು ಬಂದ ಋತುವಿನಲ್ಲಿಯೇ, ಪ್ರಸನ್ನರ ನಾಯಕತ್ವದಲ್ಲಿ, ಸತತವಾಗಿ ಹದಿನೈದು ವರ್ಷ ಗೆದ್ದುಬಂದಿದ್ದ ಮುಂಬಯಿಯನ್ನು ಬೆಂಗಳೂರಿನಲ್ಲಿ ತಡೆದು, ಜಯಪುರದಲ್ಲಿ ರಾಜಸ್ಥಾನವನ್ನು ಗೆದ್ದು, ಕಪ್ಪನ್ನು ಮೊದಲ ಬಾರಿಗೆ ಮನೆಗೆ ತಂದಿತು. ಮುಂಬಯಿಯನ್ನು ತಡೆದುದು ಮೊದಲ ಇನಿಂಗ್ಸಿನ ಮುನ್ನಡೆಯಿಂದ ಎಂಬುದನ್ನು ವಾಚಕರು ಗಮನಿಸಬೇಕು.

ನಮ್ಮ ಹುಡುಗನಿಗೆ ಈ ಹಳೆಯ ಕಥೆಗಿಂತ ವಿನಯಕುಮಾರರ ಕಥೆಯೇ ಹತ್ತಿರದ್ದು. ಅವರು ದಾವಣಗೆರೆಯವರು, ಅವರು ಹುಟ್ಟಿದ ೧೯೮೪ರಲ್ಲಿ ಆ ಊರು ಚಿತ್ರದುರ್ಗ ಜಿಲ್ಲೆಗೇ ಸೇರಿದ್ದಿತು. ತಂದೆ ಆಟೋ ಓಡಿಸುತ್ತಿದ್ದವರು. ೧೯೯೮–೯೯ರ ಬಳಿಕ ಕೈಗೆಟುಕದಿದ್ದ ಕಪ್ಪನ್ನು ೨೦೧೩–೧೪ರಲ್ಲಿಯೂ ಮತ್ತೆ ಮರುವರ್ಷವೂ ಗೆದ್ದ ತಂಡಕ್ಕೆ ಅವರೇ ನಾಯಕರು. ಕಾವಲಿನ ಅಂಚಿನಲ್ಲಿ ಸಂಜೆ ಚೆಂಡೆಸೆಯುವ ಹುಡುಗನು ದೂರದ ಆಲೂರಿನ ಒಂದಂಕಕ್ಕೆ ಏತಕ್ಕೆ ಮಿಡುಕುವನೆಂಬುದು ನಮಗೆ ಆಗ ತಿಳಿಯಿತು. ಆ ತಂಡಕ್ಕೆ ತನ್ನ ಸೀಮೆಯಿಂದಲೂ ದಾರಿಯಿದೆಯೆಂದು ಅವನು ನಂಬಿರುವನು.

ಮರುದಿನ ಹೊಲಕ್ಕೆ ಹೋದೆವು. ಗಿಡ ಕಿತ್ತು ಮುಗಿದಿದ್ದರೂ ಅಜ್ಜಿ ಬಗ್ಗಿ, ಮಣ್ಣಿನಲ್ಲಿ ಉಳಿದ ಹಕ್ಕಲುಗಾಯಿಯನ್ನು ಒಂದೊಂದಾಗಿ ಆಯ್ದು ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. “ಅಷ್ಟಕ್ಕೆ ಏಕಜ್ಜಿ ಇಷ್ಟು ಶ್ರಮ?” ಎಂದೆವು.

“ಬಿತ್ತನೆ ಹೊತ್ತಿಗೆ ಒಂದು ಸೇರು ಕಮ್ಮಿ ಬಿದ್ದಾಗ ಗೊತ್ತಾಗ್ತದಪ್ಪಾ” ಎಂದಳು. ಮೊಮ್ಮಗನು ಒಂದು ಗಳಿಗೆ ಸುಮ್ಮನಿದ್ದು, ಫೋನನ್ನು ಜೇಬಿಗಿಳಿಸಿ ತಾನೂ ಬಗ್ಗಿದನು.