‘ಮೇ ಆಸ್ ವೆಲ್’ ಅಂದ್ರೆ ‘ನಾನೂ ಬರ್ತೀನಿ’ ಅಲ್ಲ!

ಕೆಲಸಕ್ಕೆ ಸೇರಿ ಏಳನೇ ತಿಂಗಳು. ಕ್ಲೈಂಟ್ ಕಡೆಯ ಹಿರಿಯ ಮೇಡಂ ಒಬ್ಬರು ಇಂಗ್ಲೆಂಡಿನ ಲೀಡ್ಸ್‌ನಿಂದ ಬೆಂಗಳೂರಿಗೆ ಬಂದಿದ್ದರು. ವಾಪಸ್ ಹೊರಡುವ ಹಿಂದಿನ ದಿನ ಇಡೀ ಟೀಮನ್ನು ಊಟಕ್ಕೆ ಕರೆದರು. ಗ್ರೂಪ್‌ನಲ್ಲಿ ಎಲ್ಲರೂ ‘ಯೆಸ್’, ‘ಶ್ಯೂರ್’ ಅಂತ ಹಾಕ್ತಿದ್ರು. ನಾನು ಸ್ವಲ್ಪ ಚೆಂದವಾಗಿ ಬರೆಯೋಣ ಅಂತ ‘ಐ ಮೇ ಆಸ್ ವೆಲ್ ಕಮ್’ ಅಂತ ಟೈಪ್ ಮಾಡಿದೆ. ನನ್ನ ಲೆಕ್ಕ ಸರಳ. ‘ಮೇ’ ಅಂದ್ರೆ ಬಹುದು, ‘ಆಸ್ ವೆಲ್’ ಅಂದ್ರೆ ಕೂಡ. ಅಲ್ಲಿಗೆ, ‘ನಾನೂ ಬರಬಹುದು’. ಎಷ್ಟು ವಿನಯ ಅಲ್ವಾ?

‘ನೋ ಪ್ರೆಶರ್ ಅಟ್ ಆಲ್’ ಅಂತ ಅವರ ಉತ್ತರ ಬಂತು. ಎಂಥ ಒಳ್ಳೆಯವರು, ಒತ್ತಾಯ ಕೂಡ ಮಾಡಲ್ಲ ಅಂದ್ಕೊಂಡೆ. ಊಟದ ದಿನ ಎಲ್ಲರ ಜೊತೆ ನಗುತ್ತಾ ಮಾತಾಡಿದವರು ನನ್ನ ಹತ್ರ ಮಾತ್ರ ಎರಡೇ ಮಾತು. ಮುಂದಿನ ಆರು ತಿಂಗಳ ಕಾಲ್‌ಗಳಲ್ಲೂ ಅದೇ. ನನ್ನ ಕೆಲಸದಲ್ಲೇ ಏನೋ ತಪ್ಪಿದೆ ಅಂತ ಒಂದೊಂದು ರಿಪೋರ್ಟನ್ನೂ ಮೂರು ಮೂರು ಸಲ ನೋಡಿ ಕಳಿಸ್ತಿದ್ದೆ.

ಒಂದಿನ ಕ್ಯಾಂಟೀನಿನಲ್ಲಿ ಗೆಳೆಯನೊಬ್ಬ ಯಾವುದೋ ಡಬ್ಬಾ ಸಿನಿಮಾ ಬಗ್ಗೆ, ‘ಟಿಕೆಟ್ ಹೇಗೂ ತಗೊಂಡಿದೀವಿ, ವಿ ಮೈಟ್ ಆಸ್ ವೆಲ್ ವಾಚ್ ಇಟ್’ ಅಂದ. ಮುಖ ಹುಳ್ಳಗಾಗಿತ್ತು. ಆ ಮುಖ ನೋಡಿ ನನಗೆ ಅನುಮಾನ. ಅರ್ಥ ಕೇಳಿದೆ. ‘ಬೇರೇನೂ ಗತಿ ಇಲ್ವಲ್ಲ, ನೋಡಿ ಬಂದ್ರಾಯ್ತು ಬಿಡು, ಅಂತ ಕಣೇ’ ಅಂದ. ನನ್ನ ಕಾಫಿ ಲೋಟದಲ್ಲೇ ಆರಿತು.

ಕ್ಯಾನ್, ಮೇ, ಮಸ್ಟ್, ವುಡ್ ಅನ್ನೋ ಮೋಡಲ್ ಕ್ರಿಯಾಪದಗಳನ್ನು ಸ್ಕೂಲಲ್ಲಿ ಒಂದು ಪಟ್ಟಿ ಮಾಡಿ ಕಲಿಸಿದ್ರು. ಕ್ರಿಯಾವಿಶೇಷಣಗಳಿಗೆ ಇನ್ನೊಂದು ಪಟ್ಟಿ. ಎರಡೂ ಸೇರಿ ಸಂಸಾರ ಹೂಡಿದ್ರೆ ಏನಾಗುತ್ತೆ ಅಂತ ಯಾರೂ ಹೇಳಲಿಲ್ಲ. ‘ಶೀ ಮೇ ಕಮ್’ ಅಂದ್ರೆ ಬಂದರೆ ಬಂದಳು. ‘ಶೀ ಮೇ ವೆಲ್ ಕಮ್’ ಅಂದ್ರೆ ಬರುವ ಸಾಧ್ಯತೆ ಚೆನ್ನಾಗಿಯೇ ಇದೆ. ಅದೇ ‘ವೆಲ್’ ಹಿಂದೆ ಒಂದು ‘ಆಸ್’ ಬಂತೋ, ಉತ್ಸಾಹವೆಲ್ಲ ಠುಸ್.

ಪದ ಎಲ್ಲಿ ಕೂರುತ್ತೆ ಅನ್ನೋದು ಇನ್ನೊಂದು ತಲೆನೋವು. ಭಾನುವಾರ ಕೆಲಸ ಮಾಡ್ತೀಯಾ ಅಂತ ಮ್ಯಾನೇಜರ್ ಕೇಳಿದಾಗ ನಾನು ‘ಐ ಕಾಂಟ್ ರಿಯಲಿ’ ಅಂತ ಬರೀತಿದ್ದೆ. ನನ್ನ ಮನಸ್ಸಲ್ಲಿ ಅದು ‘ನಿಜವಾಗ್ಲೂ ಆಗಲ್ಲ’. ಅವರಿಗೆ ಕೇಳಿಸಿದ್ದು ‘ಅಷ್ಟೇನೂ ಅನುಕೂಲ ಇಲ್ಲ’. ಸರಿ, ಎರಡೇ ಗಂಟೆ ಲಾಗಿನ್ ಆಗು ಅಂತಿದ್ರು. ‘ಐ ರಿಯಲಿ ಕಾಂಟ್’ ಅನ್ನಬೇಕಿತ್ತು. ಆ ‘ರಿಯಲಿ’ಯನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸದೆ ನಾನು ಕಳ್ಕೊಂಡ ಭಾನುವಾರಗಳಿಗೆ ಲೆಕ್ಕ ಇಟ್ಟಿಲ್ಲ. ‘ಪ್ರಾಬಬ್ಲಿ’ಯೂ ಹಾಗೇ. ‘ಐ ವಿಲ್ ಪ್ರಾಬಬ್ಲಿ ಕಮ್’ ಸರಿ, ಆದರೆ ಬರಲ್ಲ ಅನ್ನುವಾಗ ಅದು ಮುಂಚೆಯೇ ಬಂದು ಕೂರುತ್ತೆ, ‘ಐ ಪ್ರಾಬಬ್ಲಿ ವೋಂಟ್’. ನಮ್ಮ ಆಫೀಸಲ್ಲಿ ಅರ್ಧ ಜನ ‘ವೋಂಟ್ ಪ್ರಾಬಬ್ಲಿ’ ಅಂತಾರೆ. ಇನ್ನು ‘ಯು ಹ್ಯಾಡ್ ಬೆಟರ್ ಸೆಂಡ್ ಇಟ್’ ಅಂತ ಯಾರಿಗೂ ವಿನಯದಿಂದ ಬರೆಯಬೇಡಿ. ನಮ್ಮಪ್ಪ ‘ಒಂಬತ್ತರೊಳಗೆ ಮನೆಗೆ ಬಂದ್ರೆ ಒಳ್ಳೇದು’ ಅಂತಿದ್ರಲ್ಲ, ಆ ಧಾಟಿ ಅದು.

ಕನ್ನಡದಲ್ಲಿ ಈ ಗೋಳಿಲ್ಲ ಅನ್ನೋಣ ಅಂದ್ರೆ, ನಮ್ಮದೂ ಕಮ್ಮಿ ಇಲ್ಲ. ‘ಬಹುದು’, ‘ಬೇಕು’ ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡೇ ಇರುತ್ತವೆ. ನಡುವೆ ಬೇರೆ ಪದ ತೂರಿಸೋಕೆ ಜಾಗ ಇಲ್ಲ, ಒಂದು ಸ್ವರಕ್ಕೆ ಮಾತ್ರ ಇದೆ. ಬರಬಹುದು, ಬರಲೂಬಹುದು. ಬರಬೇಕು, ಬರಲೇಬೇಕು. ಇಂಗ್ಲಿಷಿನವರು ‘ಯು ಸಿಂಪ್ಲಿ ಮಸ್ಟ್ ಕಮ್’ ಅಂತ ಒಂದು ಇಡೀ ಪದ ಖರ್ಚು ಮಾಡೋ ಕಡೆ ನಮಗೆ ಒಂದು ‘ಏ’ ಸಾಕು. ಹಬ್ಬಕ್ಕೆ ಮುಂಚೆ ಫೋನ್ ಮಾಡಿ ಅಮ್ಮ ಆ ‘ಏ’ ಎಳೆಯೋದನ್ನ ಕೇಳಿದ ಮೇಲೂ ಬಸ್ ಟಿಕೆಟ್ ಬುಕ್ ಮಾಡದೆ ಇರೋಕಾಗುತ್ತಾ?

ಕಳೆದ ವಾರ ಧೈರ್ಯ ಮಾಡಿ ಆ ಮೇಡಂಗೆ ಮೇಲ್ ಬರೆದೆ. ‘ಯು ಮೇ ವೆಲ್ ಹ್ಯಾವ್ ಫರ್ಗಾಟನ್’ ಅಂತ ಶುರು ಮಾಡಿ, ಆವತ್ತು ನಾನು ಹೇಳೋಕೆ ಹೊರಟಿದ್ದೇನು, ಹೇಳಿದ್ದೇನು ಅಂತ ವಿವರಿಸಿದೆ. ಅವರು ಮರೆತಿರಲಿಲ್ಲ. ನನಗೆ ಅವರ ಜೊತೆ ಊಟಕ್ಕೆ ಬರೋದೇ ಇಷ್ಟ ಇರಲಿಲ್ಲ ಅಂದ್ಕೊಂಡಿದ್ರಂತೆ, ಅದಕ್ಕೇ ದೂರ ಇದ್ರಂತೆ. ಡಿಸೆಂಬರ್‌ನಲ್ಲಿ ಮತ್ತೆ ಬರ್ತಿದ್ದಾರೆ, ಊಟಕ್ಕೆ ಸಿಗ್ತೀಯಾ ಅಂತ ಕೇಳಿದ್ದಾರೆ.

‘ಐ ವಿಲ್ ಡೆಫಿನಿಟ್ಲಿ ಕಮ್’ ಅಂತ ಟೈಪ್ ಮಾಡಿದೆ. ‘ಡೆಫಿನಿಟ್ಲಿ’ ಸರಿಯಾದ ಜಾಗದಲ್ಲಿದೆಯಾ ಅಂತ ಕ್ಯಾಂಟೀನ್ ಗೆಳೆಯನಿಗೆ ತೋರಿಸಿ, ಆಮೇಲೆ ಸೆಂಡ್ ಒತ್ತಿದೆ.