ವೇರೂಳದ ಅಕ್ಷರಗಳನ್ನು ಓದುವವರು ಬೇಕು

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹಳೆಯ ವಿದ್ಯಾರ್ಥಿಗಳ ಹಾಗೂ ಪಾಲಕರ ಮುಂದೆ ಒಂದೇ ವಿಚಾರವನ್ನು ಇಡಬಯಸುತ್ತೇನೆ. ಅದು ಶೈಕ್ಷಣಿಕ ಪ್ರವಾಸಕ್ಕೆ ಸಂಬಂಧಿಸಿದ್ದು. ಈಚೆಗೆ ಪ್ರವಾಸವೆಂದರೆ ನೀರಾಟದ ಉದ್ಯಾನ, ಊಟ, ಛಾಯಾಚಿತ್ರ ಎಂಬಂತಾಗಿದೆ. ಮಕ್ಕಳು ನಲಿಯಬಾರದೆಂದು ನಾನು ಹೇಳಲಾರೆ. ಆದರೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದಲ್ಲಿ ಕನ್ನಡ ಕಲಿಯುವ ಪ್ರತಿಯೊಂದು ಮಗುವೂ ಹತ್ತನೆಯ ಇಯತ್ತೆ ಮುಗಿಸುವ ಮೊದಲು ವೇರೂಳದ ಲೇಣಿಗಳನ್ನು ಒಮ್ಮೆ ನೋಡಲೇಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಹಿಂದೆ ಔರಂಗಾಬಾದ್ ಎಂದಿದ್ದು 2023ರಲ್ಲಿ ಛತ್ರಪತಿ ಸಂಭಾಜಿನಗರವೆಂದಾದ ಪಟ್ಟಣದಿಂದ ವೇರೂಳ ಸುಮಾರು 30 ಕಿಲೋಮೀಟರು ದೂರದಲ್ಲಿದೆ. ಅಲ್ಲಿ ಕ್ರಮಸಂಖ್ಯೆ ಹೊಂದಿದ 34 ಲೇಣಿಗಳಿವೆ: ಮೊದಲ 12 ಬೌದ್ಧರವು, ಅನಂತರದ 17 ವೈದಿಕ ದೇವತೆಗಳವು, ಕೊನೆಯ 5 ಜೈನರವು. ಮೂರು ಮತಗಳು ಒಂದೇ ಬೆಟ್ಟದ ಸಾಲಿನಲ್ಲಿ ನೆರೆಹೊರೆಯವರಾಗಿ ನಿಂತಿರುವುದೇ ಮಕ್ಕಳಿಗೆ ಮೊದಲ ಪಾಠ.

ಹದಿನಾರನೆಯದಾದ ಕೈಲಾಸವು ನಿಜಕ್ಕೂ ಗುಹೆಯಲ್ಲ. ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತ ಬಂದು ಬಿಡಿಸಿದ ಏಕಶಿಲೆಯ ದೇವಾಲಯ. ಅದರ ಅಂಗಳ ಸುಮಾರು 276 ಅಡಿ ಉದ್ದ, 154 ಅಡಿ ಅಗಲ; ಹಿಂಬದಿಯ ಕಡಿದ ಗೋಡೆಯ ಎತ್ತರ ನೂರು ಅಡಿಗೂ ಹೆಚ್ಚು. ಕಟ್ಟುವವನು ತಪ್ಪಿದರೆ ಕಲ್ಲು ಬದಲಿಸಬಹುದು. ಕಡಿಯುವವನಿಗೆ ಆ ಅವಕಾಶವಿಲ್ಲ. ನಮ್ಮ ಹೊಲದ ಬಾವಿಗಳಲ್ಲಿ ಕಾಣುವ ಕರಿಕಲ್ಲಿನ ಜಾತಿಯೇ ಅಲ್ಲಿಯದೂ. ಕಲ್ಲು ಒಂದೇ, ಕೈ ಬೇರೆ ಎಂಬುದನ್ನು ಹುಡುಗರು ಕಣ್ಣಾರೆ ಕಾಣಲಿ.

ರಾಷ್ಟ್ರಕೂಟ ದಂತಿದುರ್ಗನ ಶಾಸನ ಹದಿನೈದನೆಯ ಲೇಣಿಯಲ್ಲಿದೆ. ಕೈಲಾಸವು ಅವನ ನಂತರ ಕ್ರಿ.ಶ. 756ರ ಸುಮಾರಿಗೆ ಪಟ್ಟಕ್ಕೆ ಬಂದ ಒಂದನೆಯ ಕೃಷ್ಣನ ಕಾಲದ್ದೆಂಬುದು ವಿದ್ವಾಂಸರಲ್ಲಿ ಬಹುಮಾನ್ಯವಾದ ಅಭಿಪ್ರಾಯ. ಇದೇ ವಂಶದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟಿತು. ಅವನ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ, ನಮಗೆ ದೂರವೇನಲ್ಲ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಆ ಗ್ರಂಥ ಹೇಳಿತು. ವೇರೂಳವಿರುವುದು ಗೋದಾವರಿಗೂ ಉತ್ತರಕ್ಕೆ.

ಇಷ್ಟು ಹೇಳಿದೊಡನೆ ಕೆಲವರು ‘ಹಾಗಾದರೆ ಅದು ನಮ್ಮದೇ’ ಎಂದು ಎದೆಯುಬ್ಬಿಸುತ್ತಾರೆ. ಇನ್ನು ಕೆಲವರು ‘ಅದು ಮಹಾರಾಷ್ಟ್ರದ್ದು, ನಮಗೇಕೆ?’ ಎನ್ನುತ್ತಾರೆ. ಎರಡೂ ಅರ್ಧ ದೃಷ್ಟಿಯ ಮಾತುಗಳು. ಕೈಲಾಸದ ವಿನ್ಯಾಸ ಪಟ್ಟದಕಲ್ಲಿನ ವಿರೂಪಾಕ್ಷವನ್ನು ನೆನಪಿಸುತ್ತದೆ. ವಿರೂಪಾಕ್ಷವು ಕಂಚಿಯ ಕೈಲಾಸನಾಥನನ್ನು ನೆನಪಿಸುತ್ತದೆ. ಇಂದಿನ ಮೂರು ರಾಜ್ಯಗಳನ್ನು ಉಳಿಗಳು ಹೀಗೆ ಹೊಲಿದಿವೆ. 1956ರ ಗಡಿರೇಖೆ ಆ ಬಂಡೆಯಲ್ಲಿಲ್ಲ. ಗಡಿಯ ಮಗು ಅಲ್ಲಿಗೆ ಹಕ್ಕು ಹೂಡಲು ಹೋಗಬೇಕಿಲ್ಲ. ಪರಕೀಯನಂತೆ ಮುದುಡಿ ನಿಲ್ಲಬೇಕಾಗಿಯೂ ಇಲ್ಲ.

ನನ್ನ ಚಿಂತೆ ಬೇರೆಯದು. ವೇರೂಳದ ಜೈನ ಲೇಣಿಗಳಲ್ಲಿ ಹಳಗನ್ನಡ ಅಕ್ಷರಗಳ ಕಿರುಬರಹಗಳಿವೆ. ತಿಳಿದವರು ತೋರಿಸಿಕೊಟ್ಟರೆ ಕನ್ನಡ ಕಲಿತ ಮಗು ಒಂದೆರಡು ಅಕ್ಷರಗಳನ್ನಾದರೂ ಗುರುತಿಸೀತು. ಕನ್ನಡ ಕಲಿಯದ ಮಗುವಿಗೆ ಅವು ಬರಿಯ ಗೀರುಗಳು. ಹನ್ನೊಂದು ಶತಮಾನಗಳ ಮಳೆಗಾಳಿಗೆ ಅಳಿಯದ ಅಕ್ಷರ, ನಮ್ಮ ಮನೆಗಳಲ್ಲಿ ಒಂದೇ ತಲೆಮಾರಿನ ಉದಾಸೀನಕ್ಕೆ ಅಳಿದುಹೋಗಬಲ್ಲದು. ಇಂಗ್ಲಿಷು ಕಲಿಯಲಿ, ಮರಾಠಿ ಕಲಿಯಲಿ. ಅವು ಅನ್ನಕ್ಕೂ ನೆರೆಗೂ ಬೇಕು. ಆದರೆ ಕನ್ನಡದ ವರ್ಗಕ್ಕೆ ಮಕ್ಕಳನ್ನು ಕಳುಹಿಸದೆ ಕನ್ನಡದ ವೈಭವವನ್ನು ವೇದಿಕೆಯಲ್ಲಿ ಹೊಗಳುವುದು ಸಲ್ಲದು.

ಆದ್ದರಿಂದ ಶಿಕ್ಷಕ ಬಂಧುಗಳಲ್ಲಿ ನನ್ನ ವಿನಂತಿ: ಹೊರಡುವ ಮೊದಲು ಒಂದು ವಾರ ಈ ಇತಿಹಾಸವನ್ನು ಪಾಠ ಮಾಡಿರಿ. ಮಂಗಳವಾರ ಲೇಣಿಗಳು ಮುಚ್ಚಿರುತ್ತವೆ, ದಿನ ನೋಡಿ ಹೊರಡಿರಿ. ಮೂವತ್ತನಾಲ್ಕನ್ನೂ ಓಡಿಸಿ ತೋರಿಸುವ ಬದಲು ಮೂರೋ ನಾಲ್ಕೋ ಲೇಣಿಗಳ ಮುಂದೆ ಮಕ್ಕಳನ್ನು ಕೂಡಿಸಿ ಚಿತ್ರ ಬರೆಸಿರಿ. ಗೋಡೆಯ ಮೇಲೆ ಹೆಸರು ಕೆತ್ತುವುದು ಎರಡು ವರ್ಷದವರೆಗೆ ಸೆರೆವಾಸ ತರಬಲ್ಲ ಅಪರಾಧವೆಂದು ತಿಳಿಸಿರಿ. ಕೈಲಾಸ ಕಡಿದವರೇ ತಮ್ಮ ಹೆಸರುಗಳನ್ನು ನಮಗೆ ಬಿಟ್ಟುಹೋಗಿಲ್ಲವೆಂಬುದನ್ನೂ ಹೇಳಿರಿ.

ಹಳೆಯ ವಿದ್ಯಾರ್ಥಿಗಳು ಪ್ರತಿವರ್ಷ ಒಂದು ಬಸ್ಸಿನ ವೆಚ್ಚವನ್ನು ಹೊತ್ತರೆ ಸುವರ್ಣ ಮಹೋತ್ಸವಕ್ಕೆ ಅದಕ್ಕಿಂತ ಒಳ್ಳೆಯ ಕಾಣಿಕೆ ಇಲ್ಲ.